ಲೋಕದ ಚರಿತ್ರೆಯನ್ನು ಕುರಿತು ಜನರು ಕೇಳುವ ಕೆಲವು ಚೋದ್ಯದ ಪ್ರಶ್ನೆಗಳು

(ಉತ್ಸವದ ಸಭೆಯಲ್ಲಿ ಓದಲ್ಪಟ್ಟ ಉಪನ್ಯಾಸ)



ಕೊಟ್ಟೂರಿನ ತೇರಿಗೆ ಬಂದು ಬಿಡಾರ ಮಾಡಿದವರು, ಮೈಲಾರದ ಕಾರಣಿಕವನ್ನು ಕೇಳಲು ಬಂಡಿ ಕಟ್ಟಿಕೊಂಡು ಹೊರಟವರು, ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಶಿಖರಕ್ಕೆ ಎಣ್ಣೆ ಎರೆಯುವುದನ್ನು ನೋಡಲು ನೆರೆದವರು, ರಾತ್ರಿ ಪ್ರಸಾದವಾದ ಮೇಲೆ ಕುಳಿತು ಆಡುವ ಮಾತುಗಳಲ್ಲಿ ಒಮ್ಮೊಮ್ಮೆ ಬಹು ಚೋದ್ಯವಾದ ಪ್ರಶ್ನೆಗಳು ಹುಟ್ಟುವುವು. ಕುರುವತ್ತಿಯ ಹೊಳೆಯಲ್ಲಿ ಚಕ್ರವರ್ತಿಯೊಬ್ಬನು ದೇಹವಿಟ್ಟನಂತೆ, ಆಗ ಇಂಗ್ಲೆಂಡಿನಲ್ಲಿ ಯಾವ ದೊರೆಯಿದ್ದನು? ಬಸವಣ್ಣನವರ ಕಾಲದ ದಾಸೋಹದಲ್ಲಿ ಸಾರಿಗೆ ಮೆಣಸಿನಕಾಯಿ ಹಾಕುತ್ತಿದ್ದರೇ? ನೆಪೋಲಿಯನ್ನನಿಗೂ ಹರಪನಹಳ್ಳಿಗೂ ಏನು ನಂಟು? ಅಜ್ಜಂದಿರು ಹೇಳುತ್ತಿದ್ದ ಧಾತು ಈಶ್ವರ ಬರದಲ್ಲಿ ಮಳೆ ಹೋದದ್ದು ಈ ಸೀಮೆಗೆ ಮಾತ್ರವೋ, ಲೋಕಕ್ಕೆಲ್ಲವೋ?

ಇಂತಹ ಪ್ರಶ್ನೆಗಳನ್ನು ಶಾಲೆಯಲ್ಲಿ ಕೇಳಿದ ಹುಡುಗನಿಗೆ ‘ಪಾಠದಲ್ಲಿ ಇಲ್ಲದ್ದು ನಿನಗೇಕೆ’ ಎಂಬ ಉತ್ತರವೇ ಬಹುಮಟ್ಟಿಗೆ ದೊರೆಯುವುದು. ಪಾಠದ ಪುಸ್ತಕಗಳಲ್ಲಿ ರೋಮು, ದಿಲ್ಲಿ, ಲಂಡನ್ನುಗಳ ಸಂಗತಿ ಪುಟಗಟ್ಟಲೆಯಾಗಿ ಇರುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೆಸರು ಹುಡುಕಿದರೂ ಕಾಣಿಸದು. ಈ ಐದು ತಾಲೂಕುಗಳು ೧೯೫೩ನೆಯ ಅಕ್ಟೋಬರ್ ೧ರ ವರೆಗೆ ಮದರಾಸಿಗೆ ಸೇರಿದ ಬಳ್ಳಾರಿ ಸೀಮೆಯಲ್ಲಿ ಇದ್ದುವು. ಆ ಬಳಿಕ ಮೈಸೂರು ಸಂಸ್ಥಾನಕ್ಕೆ ಕೂಡಿದುವು. ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿ ಇರುವುವು. ಯಾವ ರಾಜಧಾನಿಗೂ ಅಂಚಿನಲ್ಲಿಯೇ ಇದ್ದ ನೆಲವಾದುದರಿಂದ, ಲೋಕದ ಚರಿತ್ರೆಯು ಈ ಕಡೆಗೆ ಸುಳಿಯದೆ ಹಾದುಹೋಯಿತೆಂಬ ಭಾವನೆಯು ಇಲ್ಲಿನ ಜನರಲ್ಲಿ ಬೇರೂರಿರುವುದು. ಆ ಭಾವನೆಯು ಸರಿಯಲ್ಲ. ಮೇಲಿನ ಪ್ರಶ್ನೆಗಳನ್ನು ಒಂದೊಂದಾಗಿ ಹಿಡಿದು ನಡೆದರೆ ಅದು ತಾನಾಗಿ ಕಳಚಿಬೀಳುವುದು.

ಮೊದಲು ಕುರುವತ್ತಿಯ ಮಾತು. ಕಲ್ಯಾಣದ ಚಾಲುಕ್ಯರಲ್ಲಿ ಆಹವಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನು ವಾಸಿಯಾಗದ ಜ್ವರದಿಂದ ಬಳಲಿ, ತುಂಗಭದ್ರೆಯ ದಡದ ಕುರುವತ್ತಿಗೆ ಬಂದು, ಶಕವರ್ಷ ೯೯೦ನೆಯ ಕೀಲಕ ಸಂವತ್ಸರದ ಚೈತ್ರದಲ್ಲಿ ಹೊಳೆಗಿಳಿದು ಪ್ರಾಣವನ್ನು ಬಿಟ್ಟನು. ಶಾಸನವು ಇದನ್ನು ಪರಮಯೋಗವೆಂದು ಕರೆದಿರುವುದು. ಕಾಶ್ಮೀರದಿಂದ ಹೊರಟು ಊರೂರು ತಿರುಗಿ ಕಡೆಗೆ ಚಾಲುಕ್ಯರ ಆಸ್ಥಾನವನ್ನು ಸೇರಿದ ಬಿಲ್ಹಣ ಕವಿಯು ತನ್ನ ವಿಕ್ರಮಾಂಕದೇವಚರಿತದಲ್ಲಿ ಈ ಪ್ರಸಂಗವನ್ನು ವರ್ಣಿಸಿದ್ದಾನೆ. ಕಾಶ್ಮೀರದ ಪಂಡಿತನೊಬ್ಬನು ತುಂಗಭದ್ರೆಯ ಮಡುವನ್ನು ಕುರಿತು ಸಂಸ್ಕೃತದಲ್ಲಿ ಕಾವ್ಯವನ್ನು ಕಟ್ಟಿದನೆಂಬುದೇ ಈ ಸೀಮೆಯು ಲೋಕದಿಂದ ದೂರವಿರಲಿಲ್ಲವೆಂಬುದಕ್ಕೆ ಮೊದಲನೆಯ ಸಾಕ್ಷಿ. ಇಂದು ಕುರುವತ್ತಿಗೆ ಹೋಗುವವರು ಮಲ್ಲಿಕಾರ್ಜುನನ ಗುಡಿಯ ಮದನಿಕೆಯರನ್ನು ನೋಡಿ ಬೆರಗಾಗಿ ಹಿಂದಿರುಗುವರು. ಹೊಳೆಯ ಕಡೆಗೆ ತಿರುಗಿ ನೋಡುವವರು ಕಡಿಮೆ.

ಶಕವರ್ಷಕ್ಕೆ ೭೮ನ್ನು ಕೂಡಿಸಿದರೆ ಕ್ರಿಸ್ತಶಕವಾಗುವುದು. ಆದುದರಿಂದ ಇದು ೧೦೬೮ನೆಯ ಇಸವಿ, ಮಾರ್ಚಿ ತಿಂಗಳ ಕೊನೆ. ಅದಕ್ಕೆ ಒಂದೂವರೆ ವರ್ಷ ಮುಂಚೆ, ೧೦೬೬ನೆಯ ಅಕ್ಟೋಬರ್ ೧೪ರಂದು, ಇಂಗ್ಲೆಂಡಿನ ಹೇಸ್ಟಿಂಗ್ಸ್ ಎಂಬಲ್ಲಿ ಹೆರಾಲ್ಡ್ ದೊರೆಯು ಮಡಿದು, ಕಡಲಾಚೆಯ ನಾರ್ಮಂಡಿಯಿಂದ ಬಂದ ವಿಲಿಯಮನು ಸಿಂಹಾಸನವನ್ನೇರಿದ್ದನು. ಕುರುವತ್ತಿಯಲ್ಲಿ ಶೋಕವು ನಡೆಯುತ್ತಿದ್ದ ವಸಂತದಲ್ಲಿ ಆ ವಿಲಿಯಮನು ತಿರುಗಿಬಿದ್ದ ಪ್ರಜೆಗಳನ್ನು ಅಡಗಿಸುತ್ತಿದ್ದನು. ಅದೇ ಕಾಲದಲ್ಲಿ ಚಾಲುಕ್ಯರ ಹಗೆಯಾದ ವೀರರಾಜೇಂದ್ರ ಚೋಳನ ಹಡಗುಗಳು ಕಡಲನ್ನು ದಾಟಿ ಕಡಾರಕ್ಕೆ ಹೋಗಿದ್ದುವು. ಚೀನದಲ್ಲಿ ಮರುವರ್ಷವೇ, ಅಂದರೆ ೧೦೬೯ರಲ್ಲಿ, ವಾಂಗ್ ಆನ್‌ಷಿ ಎಂಬ ಮಂತ್ರಿಯು ಬಿತ್ತನೆಯ ಕಾಲದಲ್ಲಿ ರೈತರಿಗೆ ಸರಕಾರದಿಂದಲೇ ಸಾಲ ಕೊಡುವ ಕಟ್ಟಳೆಯನ್ನು ಹೊರಡಿಸಿದನು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕೆಂಬ ಆಲೋಚನೆಯು ಸುಮಾರು ಒಂಬೈನೂರೈವತ್ತು ವರ್ಷ ಹಳೆಯದೆಂಬುದನ್ನು ಸಹಕಾರ ಸಂಘಗಳನ್ನು ನಡಿಸುವವರು ನೆನಪಿನಲ್ಲಿಡಬಹುದು.

ಇಲ್ಲಿ ಇನ್ನೊಂದು ಪ್ರಶ್ನೆಯು ಸಹಜವಾಗಿ ಏಳುವುದು. ಒಂದೇ ವರ್ಷಕ್ಕೆ ಇಷ್ಟೊಂದು ಲೆಕ್ಕಗಳು ಏಕೆ? ಆಹವಮಲ್ಲನು ಕಾಲವಾದ ವರ್ಷವು ಶಾಲಿವಾಹನ ಶಕದಲ್ಲಿ ೯೯೦, ಕ್ರಿಸ್ತಶಕದಲ್ಲಿ ೧೦೬೮, ಹಿಜರಿಯಲ್ಲಿ ೪೬೦. ಅವನ ಮಗನಾದ ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದ ೧೦೭೬ರಲ್ಲಿ ಹಳೆಯ ಶಕವನ್ನೇ ತೆಗೆದುಹಾಕಿ ಚಾಲುಕ್ಯ ವಿಕ್ರಮ ವರ್ಷವೆಂಬ ಹೊಸ ಎಣಿಕೆಯನ್ನು ನಡಿಸಿದನು. ಈ ತಾಲೂಕುಗಳ ಗುಡಿಗಳ ಮುಂದಿನ ಎಷ್ಟೋ ಕಲ್ಲುಗಳಲ್ಲಿ ಆ ಎಣಿಕೆಯೇ ಕಾಣುವುದು; ಅದನ್ನು ತಿಳಿಯದವರು ‘ವರ್ಷ ೮’ ಎಂದಿರುವುದನ್ನು ಓದಿ ದಿಗ್ಭ್ರಾಂತರಾಗುವರು. ಮುಂದೆ ಕಂಪನಿಯ ಸರಕಾರದಲ್ಲಿ ಶಾನುಭೋಗರ ಲೆಕ್ಕಗಳು ಫಸಲಿಯಲ್ಲಿ ನಡೆದುವು. ಮದರಾಸಿನ ಫಸಲಿಗೆ ೫೯೦ನ್ನು ಕೂಡಿಸಿದರೆ ಇಸವಿ ಬರುವುದು. ದಿನಗಳ ಲೆಕ್ಕವಾದರೂ ಲೋಕದಲ್ಲೆಲ್ಲ ಒಂದೇ ಆಗಿತ್ತೇ ಎಂದರೆ, ಅದೂ ಇಲ್ಲ. ರೋಮಿನ ಪೋಪರು ೧೫೮೨ರಲ್ಲಿ ಪಂಚಾಂಗವನ್ನು ತಿದ್ದಿ, ಅಕ್ಟೋಬರ್ ೪ರ ಮರುದಿನವನ್ನು ೧೫ ಎಂದು ಕರೆಯಿಸಿದರು. ಪೋಪರ ಮಾತನ್ನು ಒಪ್ಪದ ಇಂಗ್ಲಿಷರು ನೂರೆಪ್ಪತ್ತು ವರ್ಷ ಹಟಹಿಡಿದು, ಕಡೆಗೆ ೧೭೫೨ರಲ್ಲಿ ಸೆಪ್ಟೆಂಬರ್ ೨ರ ಮರುದಿನವನ್ನು ೧೪ ಎಂದು ಎಣಿಸಬೇಕಾಯಿತು. ರಷ್ಯಾದವರು ೧೯೧೮ರ ವರೆಗೂ ಒಪ್ಪಲಿಲ್ಲ. ಅವರ ಅಕ್ಟೋಬರ್ ಕ್ರಾಂತಿಯು ಉಳಿದ ಲೋಕಕ್ಕೆ ನವೆಂಬರಿನಲ್ಲಿ ನಡೆಯಿತು. ಅಧಿಕ ಮಾಸ ಕ್ಷಯ ಮಾಸಗಳ ಜಗಳವನ್ನು ನೋಡಿ ನಗುವ ವಿದ್ಯಾವಂತರು ಇದನ್ನೂ ಅರಿತಿರುವುದು ಒಳ್ಳೆಯದು.

ಆಹವಮಲ್ಲನಿಗಿಂತ ಬಹು ಹಿಂದಿನ ಒಂದು ಲೇಖವು ಹಿರೇಹಡಗಲಿಯಲ್ಲಿ ದೊರೆತಿರುವುದು. ಅದು ಕಂಚಿಯಿಂದ ಪಲ್ಲವ ಶಿವಸ್ಕಂದವರ್ಮನು ಹೊರಡಿಸಿದ, ಸುಮಾರು ನಾಲ್ಕನೆಯ ಶತಮಾನದ ತಾಮ್ರಶಾಸನ. ರೋಮಿನ ಚಕ್ರವರ್ತಿಗಳು ಕ್ರೈಸ್ತಮತವನ್ನು ಹಿಡಿದ ಶತಮಾನವೂ ಅದೇ. ಭಾಷೆ ಪ್ರಾಕೃತ, ಕನ್ನಡವೂ ಅಲ್ಲ, ತಮಿಳೂ ಅಲ್ಲ. ದತ್ತಿಯ ಭೂಮಿಗೆ ಯಾವ ಯಾವ ಪೀಡೆಗಳಿಲ್ಲವೆಂದು ಅದರಲ್ಲಿ ಎಣಿಸಿದ್ದಾರೆ: ಹಾಲು ಮೊಸರು ಕೊಡಬೇಕಾದುದಿಲ್ಲ, ಉಪ್ಪು ಸಕ್ಕರೆಗಳ ಕಾಟವಿಲ್ಲ, ಬಿಟ್ಟಿಯಿಲ್ಲ, ಸರದಿಯ ಮೇಲೆ ಎತ್ತು ಕೊಡುವುದಿಲ್ಲ, ಹುಲ್ಲು ಕಟ್ಟಿಗೆಯಿಲ್ಲ, ಕಾಯಿಪಲ್ಯ ಹೂವುಗಳನ್ನು ಒಪ್ಪಿಸಬೇಕಾದುದಿಲ್ಲ. ಬಿಟ್ಟ ಊರಿಗೆ ಇವು ಇಲ್ಲವೆಂದ ಮೇಲೆ, ಬಿಡದ ಊರುಗಳಿಗೆ ಇವೆಲ್ಲ ಇದ್ದುವೆಂಬುದು ಸ್ಪಷ್ಟ. ಸವಾರಿ ಬಂದ ಅಧಿಕಾರಿಗೆ ಮೊಸರಿನ ಗಡಿಗೆಯನ್ನು ಹೊತ್ತು ನಿಂತ ರೈತನ ಚಿತ್ರವು ಅರಸನ ಬಿರುದಾವಳಿಗಿಂತ ಹೆಚ್ಚು ತಿಳಿಸುವುದು.

ರೋಮಿನ ನಾಣ್ಯಗಳ ಸಂಗತಿಯನ್ನು ಚುಟುಕಾಗಿ ಹೇಳಿದರೆ ಸಾಕು. ಕೂಡ್ಲಿಗಿಯ ತೆಂಕಣಕ್ಕೆ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ. ಅಷ್ಟು ದೂರದಿಂದ ಬೆಳ್ಳಿಯು ಇಲ್ಲಿಗೆ ಏಕೆ ಬಂದಿತೆಂಬುದಕ್ಕೆ ರೋಮಿನ ಪ್ಲಿನಿಯೇ ಉತ್ತರವನ್ನು ಬರೆದಿಟ್ಟಿದ್ದಾನೆ. ಹಿಂದೂದೇಶವು ವರ್ಷವರ್ಷವೂ ತಮ್ಮಿಂದ ಐದು ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ಅವನು ಗೊಣಗಿದ್ದಾನೆ. ಅರಿವೆ, ಮೆಣಸು, ಮುತ್ತು, ರತ್ನ, ಇವಕ್ಕೆ ತೆತ್ತ ಬೆಲೆ ಅದು. ಇಲ್ಲಿ ಮೆಣಸು ಎಂದರೆ ಕರಿಮೆಣಸು, ಮೆಣಸಿನಕಾಯಿಯಲ್ಲ.

ಈ ಮಾತು ದಾಸೋಹದ ಪ್ರಶ್ನೆಗೆ ತಂದು ಬಿಡುವುದು. ಮಠದ ಪಂಕ್ತಿಯಲ್ಲಿ ಕುಳಿತವರು ಎಲೆಯ ಮೇಲಿನ ಪದಾರ್ಥಗಳನ್ನು ಒಂದೊಂದಾಗಿ ವಿಚಾರಿಸಿದರೆ, ಲೋಕದ ಚರಿತ್ರೆಯು ಅಲ್ಲಿಯೇ ಬಡಿಸಲ್ಪಟ್ಟಿರುವುದನ್ನು ಕಾಣಬಹುದು. ೧೪೯೨ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಮುದ್ರವನ್ನು ದಾಟುವುದಕ್ಕೆ ಮುಂಚೆ ಹಿಂದೂದೇಶದಲ್ಲಿ ಮೆಣಸಿನಕಾಯಿಯ ಗಿಡವೇ ಇರಲಿಲ್ಲ. ಶೇಂಗಾ ಇರಲಿಲ್ಲ, ಮೆಕ್ಕೆಜೋಳವಿರಲಿಲ್ಲ, ಆಲೂಗಡ್ಡೆ, ಟೊಮ್ಯಾಟೊ, ಸೀಗುಂಬಳ, ಪೇರಲ, ಪಪಾಯಿ, ಗೋಡಂಬಿ, ಸೂರ್ಯಕಾಂತಿ, ಹೊಗೆಸೊಪ್ಪು ಇವೊಂದೂ ಇರಲಿಲ್ಲ. ಬೇಲಿಯ ಪಾಪಾಸುಕಳ್ಳಿ, ಹಗ್ಗ ಹೊಸೆಯುವ ಕತ್ತಾಳೆ ಸಹ ಅಮೆರಿಕದಿಂದಲೇ ಬಂದುವು. ಪೋರ್ತುಗೀಜರು ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದು, ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ, ಅವರ ಹಡಗುಗಳಲ್ಲಿ ಈ ಬೀಜಗಳು ಮೆಲ್ಲಮೆಲ್ಲನೆ ಇಳಿದುವು. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಶರಣರಿಗೆ ಬಡಿಸಿದ ಸಾರು ಖಾರವಾಗಿತ್ತೆಂದರೆ ಅದು ಕರಿಮೆಣಸು ಶುಂಠಿಗಳ ಖಾರ. ಕೃಷ್ಣದೇವರಾಯನು ಪಟ್ಟಕ್ಕೆ ಬಂದಾಗಲೂ ಹಂಪೆಯ ಪೇಟೆಯಲ್ಲಿ ಕೆಂಪು ಮೆಣಸಿನಕಾಯಿಯ ರಾಶಿಯನ್ನು ಯಾರೂ ಕಂಡಿರಲಾರರು. ಹೊಸ ಕಾಯಿಗೆ ಹಳೆಯ ಹೆಸರನ್ನೇ ಕೊಟ್ಟು ಕನ್ನಡಿಗರು ಅದನ್ನು ‘ಮೆಣಸಿನ ಕಾಯಿ’ ಎಂದರು. ಕೊಲಂಬಸನೂ ಹಾಗೆಯೇ ಅದನ್ನು ಮೆಣಸಿನ ಜಾತಿಯೆಂದೇ ತಿಳಿದನು.

ಹಾಗಾದರೆ ಹಳೆಯದೆಂದು ನಂಬಬಹುದಾದ ಜೋಳವಾದರೂ ಈ ನೆಲದ್ದೇ? ಅದೂ ಅಲ್ಲ. ಜೋಳವನ್ನು ಮೊದಲು ಬೆಳೆಸಿದವರು ಆಫ್ರಿಕದ ಸೂಡಾನ್ ಸೀಮೆಯವರು. ರಾಗಿಯು ಇಥಿಯೋಪಿಯ ಮುಂತಾದ ಎತ್ತರದ ನಾಡುಗಳದು. ಸಜ್ಜೆಯು ಪಡುವಣ ಆಫ್ರಿಕದ್ದು. ಅವು ಸಾವಿರಾರು ವರ್ಷಗಳ ಹಿಂದೆಯೇ ಬಂದು ಸೇರಿದುವಾದುದರಿಂದ ಬಂದ ನೆನಪೂ ಅಳಿಸಿಹೋಯಿತು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಿ ಅಗೆದವರಿಗೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಕರಿದ ಕಾಳುಗಳು ದೊರೆತಿವೆ. ಅವುಗಳಲ್ಲಿ ಹೆಚ್ಚಿನವು ಹುರುಳಿ, ಹೆಸರು, ಕೊರಲೆಯಂತಹ ಕಿರುಧಾನ್ಯಗಳು. ತೆಂಕಣ ಹಿಂದೂದೇಶವು ತಾನೇ ಕಾಡಿನಿಂದ ತಂದು ಸಾಕಿದ ಕಾಳುಗಳೆಂದರೆ ಇವೇ. ಹುರುಳಿಯನ್ನು ಎತ್ತಿನ ಮೇವೆಂದೂ ಬಡವರ ಕಾಳೆಂದೂ ಹಳಿಯುವವರು, ಪಂಕ್ತಿಯಲ್ಲಿರುವ ಪದಾರ್ಥಗಳಲ್ಲೆಲ್ಲ ಈ ನೆಲದ ನಿಜವಾದ ಹಕ್ಕುದಾರನು ಹುರುಳಿಯೇ ಎಂಬುದನ್ನು ಒಪ್ಪಬೇಕಾಗುವುದು. ಹರಪನಹಳ್ಳಿಯ ಹೊಲಗಳಲ್ಲಿ ಇಂದು ಮೆಕ್ಕೆಜೋಳವೂ, ಕೂಡ್ಲಿಗಿಯ ಕೆಂಪು ನೆಲದಲ್ಲಿ ಶೇಂಗಾವೂ ತುಂಬಿ ನಿಂತಿರುವುದನ್ನು ನೋಡಿದರೆ, ಬೇರೆ ದೇಶದಿಂದ ಬಂದುದು ಬೇರೆಯದಾಗಿಯೇ ಉಳಿಯುವುದೆಂಬ ವಾದವು ಹೊಲದ ಬದುವಿನಲ್ಲಿಯೇ ನಿಂತುಹೋಗುವುದು.

ಇನ್ನು ನೆಪೋಲಿಯನ್ನನ ಪ್ರಶ್ನೆ. ಕೇಳಿದವರು ಹಾಸ್ಯಕ್ಕೆ ಕೇಳಿರಬಹುದು, ಉತ್ತರವು ಹಾಸ್ಯವಲ್ಲ. ೧೭೯೮ನೆಯ ಜುಲೈ ಮೊದಲಲ್ಲಿ ನೆಪೋಲಿಯನ್ನನು ದಂಡಿನೊಡನೆ ಈಜಿಪ್ಟಿನಲ್ಲಿ ಇಳಿದನು. ಮರುವರ್ಷದ ಜನವರಿಯಲ್ಲಿ ಕೈರೋವಿನಿಂದ ಟಿಪ್ಪು ಸುಲ್ತಾನನಿಗೆ ಒಂದು ಕಾಗದವನ್ನು ಬರೆದನು. ಅದು ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. ಫ್ರೆಂಚರ ಭಯವನ್ನು ಮುಂದಿಟ್ಟುಕೊಂಡೇ ಗವರ್ನರ್ ಜನರಲನಾದ ವೆಲ್ಲೆಸ್ಲಿಯು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿಸಿದನು. ೧೭೯೯ನೆಯ ಮೇ ೪ರಂದು ಕೋಟೆಯು ಬಿದ್ದು ಟಿಪ್ಪುವು ಮಡಿದನು. ಅವನ ರಾಜ್ಯವನ್ನು ಹಂಚುವಾಗ ಹೈದರಾಬಾದಿನ ನಿಜಾಮನಿಗೂ ಪಾಲು ಬಂದಿತು. ಆದರೆ ತನ್ನಲ್ಲಿ ಇಟ್ಟುಕೊಂಡ ಕಂಪನಿಯ ಪಟಾಲಮುಗಳ ವೆಚ್ಚಕ್ಕಾಗಿ ನಿಜಾಮನು ೧೮೦೦ನೆಯ ಅಕ್ಟೋಬರ್ ೧೨ರ ಕರಾರಿನಂತೆ ಬಳ್ಳಾರಿ, ಅನಂತಪುರ, ಕಡಪೆಗಳ ಸೀಮೆಯನ್ನೆಲ್ಲ ಕಂಪನಿಗೇ ಬಿಟ್ಟುಕೊಟ್ಟನು. ಹರಪನಹಳ್ಳಿಯ ಪಾಳೆಯಪಟ್ಟು ಈ ದತ್ತಮಂಡಲದಲ್ಲಿ ಸೇರಿಹೋಯಿತು. ನೈಲ್ ನದಿಯ ದಡದಲ್ಲಿ ಬರೆದ ಕಾಗದಕ್ಕೂ ಹರಪನಹಳ್ಳಿಯ ರೈತನು ಯಾರಿಗೆ ಕಂದಾಯ ಕಟ್ಟಬೇಕೆಂಬುದಕ್ಕೂ ಹೀಗೆ ನೇರವಾದ ನಂಟು ಇರುವುದು.

ಆ ಗವರ್ನರ್ ಜನರಲನ ತಮ್ಮನು ಆರ್ಥರ್ ವೆಲ್ಲೆಸ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ದಂಡು ಕಟ್ಟಿದ ಚೆನ್ನಗಿರಿಯ ಧೋಂಡಿಯ ವಾಘನನ್ನು ತುಂಗಭದ್ರೆಯ ಇಬ್ಬದಿಯಲ್ಲಿ ಅಟ್ಟಿಸಿಕೊಂಡು ಹೋಗಿ, ೧೮೦೦ನೆಯ ಸೆಪ್ಟೆಂಬರ್ ೧೦ರಂದು ಕೋಣಗಲ್ಲಿನ ಬಳಿ ಕೊಂದವನು ಇವನೇ. ಧೋಂಡಿಯನ ಸಾಮಾನಿನ ನಡುವೆ ಸಿಕ್ಕಿದ ಅವನ ಎಳೆಯ ಮಗನನ್ನು ಕೊಲ್ಲದೆ, ತಾನೇ ಸಾಕಿಸಿ, ದೇಶವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟುಹೋದನು. ೧೮೦೩ರಲ್ಲಿ ಹರಿಹರದಲ್ಲಿ ದಂಡನ್ನು ಕೂಡಿಸಿಕೊಂಡು ಹೊಳೆಯನ್ನು ದಾಟಿ ಪುಣೆಯ ಕಡೆಗೆ ನಡೆದನು. ಹನ್ನೆರಡು ವರ್ಷಗಳಾದ ಮೇಲೆ, ೧೮೧೫ನೆಯ ಜೂನ್ ೧೮ರಂದು, ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ನನೂ ಇವನೇ. ಈ ಸೀಮೆಯ ಎರೆಯ ಕೆಸರಿನಲ್ಲಿ ಎತ್ತು ಬಂಡಿಗಳನ್ನೂ ದಿನಸಿಯನ್ನೂ ಸಾಗಿಸುವುದನ್ನು ಕಲಿತವನು ಯೂರೋಪಿನಲ್ಲಿ ಗೆದ್ದನೆಂದು ಹೇಳಿದರೆ ತೀರ ಅತಿಶಯೋಕ್ತಿಯಾಗದು.

ಕಂಪನಿಯ ಮೊದಲ ಕಲೆಕ್ಟರನಾಗಿ ೧೮೦೦ರಿಂದ ೧೮೦೭ರ ವರೆಗೆ ಇದ್ದ ಥಾಮಸ್ ಮನ್ರೋನನ್ನು ಜನರು ಮರೆತಿಲ್ಲ. ದತ್ತಮಂಡಲದಲ್ಲಿ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟುದೂ ಉಂಟು. ಹೊಲ ಹೊಲವನ್ನೂ ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಪಡಿಸುವ ರೈತವಾರಿಯನ್ನು ನೆಲೆಗೊಳಿಸಿದವನು ಅವನು. ಆದರೆ ತಾನು ವಿಧಿಸಿದ ಕಂದಾಯವು ನೂರಕ್ಕೆ ಇಪ್ಪತ್ತೈದರಷ್ಟು ಇಳಿಯಬೇಕೆಂದು ಅವನೇ ೧೮೦೭ರಲ್ಲಿ ಬರೆದುದನ್ನು ಮದರಾಸಿನ ಸರಕಾರವು ಬೊಕ್ಕಸದ ಇಕ್ಕಟ್ಟಿನಿಂದ ಒಪ್ಪಲಿಲ್ಲ. ೧೮೨೦ರಲ್ಲಿ ತಾನೇ ಗವರ್ನರನಾಗಿ ಬಂದ ಮೇಲೆ ಅವನು ಅದನ್ನು ನಡಿಸಬೇಕಾಯಿತು. ನಡುವಣ ಹದಿಮೂರು ವರ್ಷಗಳ ಹೊರೆಯನ್ನು ಹೊತ್ತವರ ಹೆಸರುಗಳು ಯಾವ 
ಪುಸ್ತಕದಲ್ಲಿಯೂ ಇಲ್ಲ.

ಹತ್ತಿಯ ಕಥೆಯೂ ಇದೇ ಬಗೆಯದು. ಅಮೆರಿಕದಲ್ಲಿ ಗುಲಾಮರ ವಿಚಾರವಾಗಿ ಬಡಗಣವರಿಗೂ ತೆಂಕಣವರಿಗೂ ೧೮೬೧ರಲ್ಲಿ ಕಾಳಗ ಹತ್ತಿತು. ಲಿಂಕನ್ನನು ತೆಂಕಣ ಬಂದರುಗಳನ್ನು ಮುಚ್ಚಿಸಿದನು. ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿಯಿಲ್ಲವಾಯಿತು. ಆಗ ಧಾರವಾಡ ಬಳ್ಳಾರಿಗಳ ಎರೆಯ ಹೊಲದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಜೋಳದ ಹೊಲಗಳಲ್ಲಿ ಹತ್ತಿ ಬಿತ್ತಿದವರುಂಟು, ಬೆಲೆಯನ್ನು ನಂಬಿ ಸಾಲ ಮಾಡಿದವರುಂಟು. ೧೮೬೫ರಲ್ಲಿ ಕಾಳಗ ನಿಂತಿತು, ಬೆಲೆ ಬಿದ್ದಿತು, ಸಾಲ ಮಾತ್ರ ಉಳಿಯಿತು. ಹನ್ನೊಂದು ವರ್ಷಗಳ ಬಳಿಕ ಮಳೆ ಹೋಯಿತು.

ಧಾತು ಈಶ್ವರ ಬರದ ಪ್ರಶ್ನೆಯನ್ನು ಚೋದ್ಯವೆಂದು ಕರೆಯಲು ನಾಲಗೆ ಬಾರದು. ಧಾತು ಸಂವತ್ಸರವು ೧೮೭೬ರಲ್ಲಿಯೂ ಈಶ್ವರ ಸಂವತ್ಸರವು ೧೮೭೭ರಲ್ಲಿಯೂ ಮೊದಲಾದುವು. ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮದರಾಸು ಪ್ರಾಂತದಲ್ಲಿ ಅತ್ಯಂತ ಕಷ್ಟಕ್ಕೆ ಒಳಗಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ೧೮೭೧ರಲ್ಲಿ ಎಣಿಸಿದ ಜನರನ್ನು ೧೮೮೧ರಲ್ಲಿ ಮತ್ತೆ ಎಣಿಸಿದಾಗ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಐವರಲ್ಲಿ ಸುಮಾರು ಒಬ್ಬರಷ್ಟು ಕಡಿಮೆಯಾಗಿದ್ದರು. ಬ್ರಿಟಿಷ್ ಹಿಂದೂದೇಶದಲ್ಲಿ ಮಡಿದವರು ಕಡಿಮೆಯೆಂದರೂ ಸುಮಾರು ಐವತ್ತೈದು ಲಕ್ಷ.

ಮಳೆ ಹೋದದ್ದು ಇಲ್ಲಿಗೆ ಮಾತ್ರವೇ ಎಂಬುದಕ್ಕೆ ಉತ್ತರವು, ಅಲ್ಲ. ಅದೇ ವರ್ಷಗಳಲ್ಲಿ ಬಡಗಣ ಚೀನದಲ್ಲಿ ಸುಮಾರು ಒಂದು ಕೋಟಿ ಜನರು ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಬ್ರೆಜಿಲ್ ದೇಶದ ಸಿಯಾರಾ ಪ್ರಾಂತದಲ್ಲಿ ೧೮೭೭ರಿಂದ ೧೮೭೯ರ ವರೆಗೆ ಹನಿ ಬೀಳದೆ ಲಕ್ಷಗಟ್ಟಲೆ ಜನರು ಮಡಿದರು. ಚೀನೀಯರಲ್ಲಿಯೂ ಅರವತ್ತು ವರ್ಷಗಳ ಚಕ್ರವೊಂದು ಇರುವುದು. ಅವರೂ ಆ ಬರವನ್ನು ಆ ಎರಡು ವರ್ಷಗಳ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ದಿಂಗ್ ವೂ’ ಬರವೆಂದು ಕರೆದರು. ಕೊಟ್ಟೂರಿನ ಮುದುಕಿಯು ಧಾತು ಈಶ್ವರ ಎಂದಂತೆಯೇ ಷಾನ್ಸಿಯ ಮುದುಕಿಯು ದಿಂಗ್ ವೂ ಎಂದಳು. ಒಬ್ಬರ ಸಂಗತಿಯು ಇನ್ನೊಬ್ಬರಿಗೆ ತಿಳಿಯದು.

ಕಾರಣವನ್ನು ಲೋಕವು ಕಂಡುಕೊಂಡದ್ದು ತಡವಾಗಿ. ಪೆರು ದೇಶದ ಬೆಸ್ತರು ಕೆಲವು ವರ್ಷಗಳಲ್ಲಿ ಕ್ರಿಸ್ತಜಯಂತಿಯ ಹೊತ್ತಿಗೆ ತಮ್ಮ ಕಡಲಿನ ನೀರು ಬೆಚ್ಚಗಾಗುವುದನ್ನು ಕಂಡು ಅದನ್ನು ‘ಎಲ್ ನಿನ್ಯೊ’, ಅಂದರೆ ಬಾಲಯೇಸು, ಎಂದು ಕರೆಯುತ್ತಿದ್ದರು. ಆ ಮಹಾಸಾಗರವು ಬೆಚ್ಚಗಾದ ವರ್ಷ ಹಿಂದೂದೇಶದ ಮುಂಗಾರು ಅನೇಕ ವೇಳೆ ಸೊರಗುವುದು. ೧೮೭೭ರಲ್ಲಿಯೇ ಬ್ಲ್ಯಾನ್‌ಫರ್ಡನೆಂಬ ಹವಾಶಾಸ್ತ್ರಜ್ಞನು ಗಾಳಿಯ ಭಾರವು ಆಸ್ಟ್ರೇಲಿಯದಿಂದ ಸೈಬೀರಿಯದ ವರೆಗೂ ಹೆಚ್ಚಿರುವುದನ್ನು ಗುರುತಿಸಿದ್ದನು. ಹಿಂದೂದೇಶದ ಹವಾ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು ೧೯೨೦ರ ದಶಕದಲ್ಲಿ ಕಡಲಿನ ಎರಡು ಕಡೆಗಳ ಗಾಳಿಯ ಭಾರವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ತೋರಿಸಿದನು. ೧೮೭೭ರ ಎಲ್ ನಿನ್ಯೊ ತಿಳಿದಿರುವವುಗಳಲ್ಲೆಲ್ಲ ಬಹು ಬಲವಾದವುಗಳಲ್ಲಿ ಒಂದು.

ಮಳೆಯ ಲೆಕ್ಕ ಇಷ್ಟು. ಸಾವಿನ ಲೆಕ್ಕವು ಬೇರೆ. ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಆ ವರ್ಷಗಳಲ್ಲಿಯೂ ಹಿಂದೂದೇಶದ ಗೋದಿಯು ಹಡಗೇರಿ ಯೂರೋಪಿಗೆ ಹೋಗುತ್ತಲೇ ಇದ್ದಿತು. ಧಾನ್ಯದ ವ್ಯಾಪಾರದಲ್ಲಿ ಸರಕಾರವು ಕೈಹಾಕಕೂಡದೆಂಬುದು ಆಗಿನ ಅರ್ಥಶಾಸ್ತ್ರದ ವಿಧಿ. ರೈಲು ಬಳ್ಳಾರಿಯ ವರೆಗೆ ಇದ್ದಿತು; ಹೊಸಪೇಟೆಯ ಕಡೆಗೆ ಕಂಬಿ ಹಾಕಿದುದು ೧೮೮೦ರ ದಶಕದಲ್ಲಿ. ಬಳ್ಳಾರಿಯ ಠಾಣೆಗೆ ಬಂದಿಳಿದ ಚೀಲವನ್ನು ಹಡಗಲಿಗೋ ಹರಪನಹಳ್ಳಿಗೋ ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದುವು. ಒಯ್ದರೂ ಆ ಬೆಲೆಗೆ ಕೊಳ್ಳಲು ಕೂಲಿಕಾರನ ಕೈಯಲ್ಲಿ ಕಾಸಿರಲಿಲ್ಲ. ೧೮೭೭ನೆಯ ಜನವರಿ ೧ರಂದು ದಿಲ್ಲಿಯಲ್ಲಿ ವಿಕ್ಟೋರಿಯ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ವೈಸರಾಯ್ ಲಿಟ್ಟನ್ನನು ವೆಚ್ಚವನ್ನು ಬಿಗಿಹಿಡಿಯುವುದಕ್ಕೆಂದು ಸರ್ ರಿಚರ್ಡ್ ಟೆಂಪಲ್ಲನನ್ನು ಮದರಾಸಿಗೆ ಕಳುಹಿಸಿದನು. ಅವನು ಬರಗಾಲದ ಕಾಮಗಾರಿಯಲ್ಲಿ ಕಲ್ಲೊಡೆಯುವ ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡಿದ್ದ ಧಾನ್ಯವನ್ನು ಒಂದು ಪೌಂಡಿಗೆ ಇಳಿಸಿದನು. ಒಂದು ಪೌಂಡೆಂದರೆ ಅರ್ಧ ಸೇರೂ ತುಂಬದು. ಮದರಾಸಿನ ಆರೋಗ್ಯಾಧಿಕಾರಿಯಾದ ಡಾಕ್ಟರ್ ಕಾರ್ನಿಷನು ಇಷ್ಟರಿಂದ ದುಡಿಯುವ ದೇಹವು ಉಳಿಯಲಾರದೆಂದು ಪಟ್ಟುಹಿಡಿದು ಬರೆದನು. ತಿಂಗಳುಗಳು ಕಳೆದ ಮೇಲೆ ಆ ಅಳತೆಯನ್ನು ಏರಿಸಲಾಯಿತು. ಮದರಾಸಿನಲ್ಲಿ ಪತ್ರಿಕೆಯ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿಯು ಇದನ್ನೆಲ್ಲ ೧೮೭೮ರಲ್ಲಿ ಎರಡು ಸಂಪುಟಗಳಲ್ಲಿ ಬರೆದಿಟ್ಟಿದ್ದಾನೆ. ಇಂಗ್ಲಿಷರಲ್ಲಿ ಕಾರ್ನಿಷನೂ ಇದ್ದನು, ಟೆಂಪಲ್ಲನೂ ಇದ್ದನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ನ್ಯಾಯವಲ್ಲ. ೧೮೮೦ರ ಕ್ಷಾಮ ಸಮಿತಿಯ ವರದಿಯೂ, ೧೮೮೩ರ ಕ್ಷಾಮ ನಿಬಂಧನೆಗಳೂ ಈ ಸಾವುಗಳು ಕಲಿಸಿದ ಪಾಠದಿಂದ ಹುಟ್ಟಿದುವು.

ಆ ಬರವು ಜನರ ಪಾಪದ ಫಲವೆಂದು ಹೇಳುವ ವಾಡಿಕೆಯು ಹಳ್ಳಿಗಳಲ್ಲಿ ಬಹುಕಾಲ ಇದ್ದಿತು. ಈಗಲೂ ಪೂರ್ತಿಯಾಗಿ ಹೋಗಿಲ್ಲ. ಹಸಿದು ಸತ್ತವರ ಮೇಲೆಯೇ ತಪ್ಪನ್ನು ಹೊರಿಸುವ ಈ ಉತ್ತರವು ಸುಲಭವಾದುದು, ಕ್ರೂರವಾದುದು. ಅದನ್ನು ಒಪ್ಪಿದರೆ ಸೂಡಾನಿನಿಂದ ಬಂದ ಜೋಳವು ಬಳ್ಳಾರಿಯ ಠಾಣೆಯಿಂದ ಹಡಗಲಿಗೆ ಏಕೆ ಬರಲಿಲ್ಲವೆಂದು ಕೇಳುವವರೇ ಇಲ್ಲವಾಗುವರು. ಮೋಡವು ಮನುಷ್ಯನ ಕೈಯಲ್ಲಿಲ್ಲ. ಚೀಲದ ಬಾಯಿ ಮನುಷ್ಯನ ಕೈಯಲ್ಲಿದ್ದಿತು.

ಕಡೆಗೆ, ಅಚ್ಚಾದ ಪುಸ್ತಕಗಳು ಉತ್ತರಿಸಲಾರದ ಪ್ರಶ್ನೆಯೊಂದು ಉಳಿಯುವುದು. ಆ ಎರಡು ವರ್ಷಗಳಲ್ಲಿ ಈ ಐದು ತಾಲೂಕುಗಳ ಮಠಗಳು ಏನು ಮಾಡಿದುವು? ಎಷ್ಟು ದಿನ ಅಂಬಲಿ ಕಾಸಿದರು, ಎಷ್ಟು ಬಾಯಿಗಳಿಗೆ, ಯಾವ ದಿನ ಹಗೇವಿನ ಬಾಯಿ ತೆಗೆದರು, ಯಾವ ದಿನ ತಳ ಕಂಡಿತು? ಕಲೆಕ್ಟರನ ವರದಿಗಳಲ್ಲಿ ಇದು ದೊರೆಯುವುದು ಕಷ್ಟ. ದೊರೆತರೆ ಮಠಗಳ ಅಟ್ಟದ ಮೇಲಿನ ಲೆಕ್ಕದ ಕಟ್ಟುಗಳಲ್ಲಿ ದೊರೆಯಬೇಕು. ವಿಜಯನಗರವನ್ನು ಕಣ್ಣಾರೆ ಕಂಡ ಪಾಯಸ್, ನೂನಿಜರ ಬರಹಗಳು ಪ್ಯಾರಿಸ್ಸಿನ ಪುಸ್ತಕಭಾಂಡಾರದಲ್ಲಿ ಯಾರ ಗಮನಕ್ಕೂ ಬಾರದೆ ಇದ್ದು, ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, ೧೯೦೦ರಲ್ಲಿ ರಾಬರ್ಟ್ ಸಿವೆಲ್ಲನ ಪುಸ್ತಕದಿಂದ ಲೋಕಕ್ಕೆ ತಿಳಿದುವು. ಮೂರೂವರೆ ಶತಮಾನ ಕಾಗದವು ಕಾದಿದ್ದಿತು. ಆದರೆ ಪ್ಯಾರಿಸ್ಸಿನಲ್ಲಿ ಗೆದ್ದಲಿನ ಕಾಟವು ಇಷ್ಟಿಲ್ಲ.

ಹಳೆಯ ಲೆಕ್ಕಗಳಲ್ಲಿ ಇಸವಿಯನ್ನು ಹುಡುಕಬಾರದು. ಸಂವತ್ಸರ, ಮಾಸ, ತಿಥಿಗಳೇ ಇರುವುವು, ಎಲ್ಲಿಯಾದರೂ ಫಸಲಿ ೧೨೮೬, ೧೨೮೭ ಎಂದಿರಬಹುದು. ಧಾತು ಸಂವತ್ಸರದ ಭಾದ್ರಪದದಿಂದ ಈಶ್ವರ ಸಂವತ್ಸರದ ಕಾರ್ತಿಕದ ವರೆಗಿನ ಹಾಳೆಗಳನ್ನು ಮೊದಲು ಬಿಡಿಸಿ ನೋಡಬೇಕು. ಕಾಗದದ ವಹಿಯಾದರೆ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಆರಿಸಬೇಕು. ಹುಣಿಸೆಬೀಜದ ಅಂಟು, ಇದ್ದಲಿನ ಪುಡಿಗಳನ್ನು ಬಳಿದ ಬಟ್ಟೆಯ ಕಡತವಾದರೆ, ಧೂಳು ಕಂಡಿತೆಂದು ಒದ್ದೆ ಅರಿವೆಯಿಂದ ಎಂದಿಗೂ ಒರಸಕೂಡದು. ಬಳಪದ ಬರಹವು ಒಂದೇ ಸಲಕ್ಕೆ ಹೋಗಿಬಿಡುವುದು.